ಸ್ಯಾಂಡ್ ಹಿಲ್ ರಸ್ತೆಯಲ್ಲಿ ಬ್ಯಾಂಕಿನವಳು

ಸ್ಯಾಂಡ್ ಹಿಲ್ ರಸ್ತೆಯಲ್ಲಿ ನೋಡುವಂಥದ್ದು ಏನೂ ಇಲ್ಲ. ಪ್ರವಾಸ ಕಥನವನ್ನು ಹೀಗೆ ಶುರು ಮಾಡಬಾರದು, ಆದರೂ ಇದ್ದದ್ದನ್ನು ಹೇಳಬೇಕಲ್ಲ. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನಲ್ಲಿ, ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಮಗ್ಗುಲಿಂದ 280ನೇ ಹೆದ್ದಾರಿಯತ್ತ ಏರಿಹೋಗುವ ಅಗಲವಾದ ರಸ್ತೆ ಅದು. ಓಕ್ ಮರಗಳು, ಒಪ್ಪವಾಗಿ ಕತ್ತರಿಸಿದ ಹುಲ್ಲು, ಮರಗಳ ಹಿಂದೆ ಅಡಗಿ ಕೂತಂತಿರುವ ತಗ್ಗು ಕಟ್ಟಡಗಳು, ಅವುಗಳಿಗಿಂತ ದೊಡ್ಡದಾದ ಪಾರ್ಕಿಂಗ್ ಜಾಗ. ಬೋರ್ಡುಗಳೂ ಸಣ್ಣವು. ಫುಟ್‌ಪಾತಿನಲ್ಲಿ ನಡೆಯುತ್ತಿದ್ದವಳು ನಾನೊಬ್ಬಳೇ. ಸೈಕಲ್ಲಿನವರು ಮಾತ್ರ ಬಿಗಿ ಚಡ್ಡಿ ತೊಟ್ಟು ಗುಂಪುಗುಂಪಾಗಿ ಗುಡ್ಡದ ಕಡೆ ಹೋಗುತ್ತಿದ್ದರು. ಇದೇ ರಸ್ತೆಯ ಪಕ್ಕ ಸ್ಲ್ಯಾಕ್ ಎಂಬ ಭೌತವಿಜ್ಞಾನ ಪ್ರಯೋಗಾಲಯವಿದೆ. ಅದರ ಕಣವೇಗವರ್ಧಕ ಸುಮಾರು 3 ಕಿಲೋಮೀಟರ್ ನೇರಕ್ಕೆ ಹೆದ್ದಾರಿಯ ಅಡಿಯಲ್ಲೇ ನುಗ್ಗಿ ಹೋಗುತ್ತದೆ. ಸಾಮಾನ್ಯ ಪ್ರವಾಸಿಗೆ ಅದೇ ಹೆಚ್ಚು ಸೊಗಸು.

ನಾನು ಬಂದದ್ದು ತಗ್ಗು ಕಟ್ಟಡಗಳನ್ನು ನೋಡಲಿಕ್ಕೆ. ಉಡುಪಿ ಕಡೆಯ ಬ್ಯಾಂಕಿನವಳು ನಾನು. ನಿವೃತ್ತಳಾಗುವ ತನಕ ಸಾಲ ಕೊಡುವುದು, ಅದಕ್ಕಿಂತ ಹೆಚ್ಚಾಗಿ ಸಾಲ ಕೊಡದೇ ಇರುವುದು ನನ್ನ ಕಸುಬಾಗಿತ್ತು. ಅಕ್ಕನ ಮಗ ಇಲ್ಲಿ ಒಂದು ವೆಂಚರ್ ಕ್ಯಾಪಿಟಲ್ ಫಂಡಿನಲ್ಲಿದ್ದಾನೆ. ಆಗಷ್ಟೇ ಹುಟ್ಟಿದ, ಕೆಲವೊಮ್ಮೆ ಇನ್ನೂ ಹುಟ್ಟದ ಕಂಪನಿಗಳಿಗೆ ದುಡ್ಡು ಹಾಕುವ ಫಂಡು. ಜಾಮೀನಿಲ್ಲ, ಅಡವಿಲ್ಲ, ಕಂತಿಲ್ಲ, ಬಡ್ಡಿಯಿಲ್ಲ. "ಹಾಗಾದರೆ ಯಾವುದನ್ನು ನೋಡಿ ಕೊಡುದು ಮಾರಾಯ?" ಎಂದು ಫೋನಿನಲ್ಲಿ ಕೇಳಿದ್ದೆ. "ಬನ್ನಿ ಚಿಕ್ಕಮ್ಮ, ಬಂದೇ ನೋಡಿ" ಎಂದಿದ್ದ.

ಮೊದಲು ಅವನು ಕರೆದುಕೊಂಡು ಹೋದದ್ದು ಸ್ಯಾಂಡ್ ಹಿಲ್‌ಗಲ್ಲ, ಪಾಲೊ ಆಲ್ಟೊದ ಈಸ್ಟ್ ಚಾರ್ಲ್‌ಸ್ಟನ್ ರಸ್ತೆಯ 844ನೇ ನಂಬರಿನ ಕಟ್ಟಡಕ್ಕೆ. ಹೊರಗೆ ಒಂದು ಫಲಕವಿದೆ, ಅಷ್ಟೇ. ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿ ಇದ್ದದ್ದು ಇಲ್ಲಿ. 1957ರಲ್ಲಿ ವಿಲಿಯಂ ಶಾಕ್ಲಿಯ ಪ್ರಯೋಗಾಲಯದಲ್ಲಿದ್ದ ಎಂಟು ಮಂದಿ ಅವನ ಕಿರಿಕಿರಿ ತಾಳಲಾರದೆ ಹೊರಬರಲು ತೀರ್ಮಾನಿಸಿದರು. ಅವರಿಗೆ ಬೇಕಾಗಿದ್ದದ್ದು ಕಂಪನಿಯಲ್ಲ, ಎಂಟೂ ಮಂದಿಗೆ ಒಟ್ಟಿಗೆ ಕೆಲಸ ಕೊಡುವ ಧಣಿ. ಅವರಲ್ಲೊಬ್ಬರಾದ ಯೂಜಿನ್ ಕ್ಲೈನರ್ ನ್ಯೂಯಾರ್ಕಿನಲ್ಲಿ ತಂದೆಯ ವ್ಯವಹಾರ ನೋಡುತ್ತಿದ್ದ ದಲ್ಲಾಳಿ ಸಂಸ್ಥೆಗೆ ಕಾಗದ ಬರೆದರು. ಅದು ಆರ್ಥರ್ ರಾಕ್ ಎಂಬ ಯುವಕನ ಮೇಜಿಗೆ ಬಂತು. ಕೆಲಸ ಯಾಕೆ ಹುಡುಕುತ್ತೀರಿ, ಸ್ವಂತ ಕಂಪನಿಯನ್ನೇ ಮಾಡಿ ಎಂದವರು ರಾಕ್. ಕರಾರುಪತ್ರ ಸಿದ್ಧವಿರಲಿಲ್ಲ, ಒಂದೊಂದು ಡಾಲರಿನ ನೋಟುಗಳ ಮೇಲೆ ಎಲ್ಲರೂ ಸಹಿ ಹಾಕಿದರು. ಸುಮಾರು 35 ಕಂಪನಿಗಳು ಆಗುವುದಿಲ್ಲ ಎಂದ ಮೇಲೆ ಶರ್ಮನ್ ಫೇರ್‌ಚೈಲ್ಡ್ ಹಣ ಹಾಕಲು ಒಪ್ಪಿದರು.

ನನ್ನ ಕಣ್ಣು ಹೋದದ್ದು ಆ 35ರ ಮೇಲೆ. ಆ ಮೇಜುಗಳ ಹಿಂದೆ ಕೂತವರು ಪೆದ್ದರಾಗಿರಲಾರರು. ಆಸ್ತಿಯಿಲ್ಲ, ಗಿರಾಕಿಯಿಲ್ಲ, ಇದ್ದ ಧಣಿಯನ್ನು ಬಿಟ್ಟು ಬಂದವರು. ನಾನಾಗಿದ್ದರೂ ಅರ್ಜಿಯನ್ನು ಫೈಲಿನ ಅಡಿಗೆ ಹಾಕುತ್ತಿದ್ದೆ. ಆ ಎಂಟು ಮಂದಿಯಲ್ಲಿಬ್ಬರು, ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್, 1968ರಲ್ಲಿ ಮತ್ತೊಂದು ಕಂಪನಿ ಕಟ್ಟಹೊರಟಾಗ ಅದೇ ರಾಕ್ 25 ಲಕ್ಷ ಡಾಲರ್ ಎತ್ತಿಕೊಟ್ಟರು. ಅದು ಇಂಟೆಲ್. ಅದರ ಯೋಜನೆ ಒಂದೆರಡು ಹಾಳೆಯನ್ನು ಮೀರಿರಲಿಲ್ಲ. ನಮ್ಮಲ್ಲಿ ಒಂದು ಅಕ್ಕಿ ಗಿರಣಿಗೆ ದುಡಿಮೆ ಬಂಡವಾಳ ಕೊಡಬೇಕಾದರೂ ಪ್ರಾಜೆಕ್ಟ್ ರಿಪೋರ್ಟು ಒಂದು ಕೈಯಲ್ಲಿ ಹಿಡಿಯಲಾಗದಷ್ಟು ದಪ್ಪ ಇರುತ್ತಿತ್ತು. ಅದರಲ್ಲಿ ಅರ್ಧವನ್ನು ನಾನೂ ಓದುತ್ತಿರಲಿಲ್ಲ, ಬರೆಸಿದವನೂ ಓದಿರುತ್ತಿರಲಿಲ್ಲ.

ರಾಕ್ ನೋಡುತ್ತಿದ್ದದ್ದು ಮನುಷ್ಯನನ್ನು. ಸಿಕೋಯಾ ಫಂಡನ್ನು 1972ರಲ್ಲಿ ಕಟ್ಟಿದ ಡಾನ್ ವ್ಯಾಲೆಂಟೈನ್ ಅದಕ್ಕೆ ಎದುರು ವಾದದವರು: ಮನುಷ್ಯ ಎಂಥವನೇ ಇರಲಿ, ಮಾರುಕಟ್ಟೆ ದೊಡ್ಡದಿರಬೇಕು. ಕಾಗದ ಬರೆದಿದ್ದ ಆ ಕ್ಲೈನರ್ ಕೂಡ ಅದೇ ವರ್ಷ ಟಾಮ್ ಪರ್ಕಿನ್ಸ್ ಜೊತೆ ಸೇರಿ ಸ್ಯಾಂಡ್ ಹಿಲ್‌ನ 3000ನೇ ನಂಬರಿಗೆ ಬಂದು ಕೂತರು. ಪ್ರಮೋಟರ್ ಮುಖ್ಯವೋ ಪ್ರಾಜೆಕ್ಟ್ ಮುಖ್ಯವೋ ಎಂಬ ಈ ತಕರಾರು ನಮ್ಮ ಬ್ಯಾಂಕಿನ ತರಬೇತಿ ಕಾಲೇಜಿನಲ್ಲೂ ಇತ್ತು. ಊಟದ ಬಿಡುವಿನ ತನಕ ನಡೆಯುತ್ತಿತ್ತು, ಆಮೇಲೆ ಯಾರಿಗೂ ನೆನಪಿರುತ್ತಿರಲಿಲ್ಲ.

ಅಸಲು ವಿಷಯ ಗೊತ್ತಾದದ್ದು ಸನ್ನಿವೇಲ್‌ನಲ್ಲಿ, ಹುಡುಗನ ಅಡುಗೆಮನೆಯ ಮೇಜಿನ ಮೇಲೆ, ಗಂಜಿ ಊಟದ ನಂತರ. ಅವನು ಒಂದು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದ.

"ನಮ್ಮ ಫಂಡು 10 ಕೋಟಿ ಡಾಲರ್ ಅಂತ ಇಟ್ಟುಕೊಳ್ಳಿ. ದುಡ್ಡು ನಮ್ಮದಲ್ಲ. ವಿಶ್ವವಿದ್ಯಾಲಯಗಳ ದತ್ತಿನಿಧಿ, ಪಿಂಚಣಿ ನಿಧಿ, ಹಾಗಿನವರದ್ದು. ಹತ್ತು ವರ್ಷದಲ್ಲಿ ಕಮ್ಮಿ ಅಂದರೂ ಮೂರು ಪಟ್ಟು ವಾಪಸ್ ಬೇಕು ಅವರಿಗೆ. ಒಂದು ಕಂಪನಿಯಲ್ಲಿ ಶುರುವಿಗೆ ನೂರಕ್ಕೆ 20 ಪಾಲು ಸಿಕ್ಕಿತು ಅನ್ನಿ. ಆಮೇಲೆ ಬೇರೆಯವರು ದುಡ್ಡು ಹಾಕುತ್ತಾ ಹೋದ ಹಾಗೆ ನಮ್ಮದು ಕರಗಿ 10ಕ್ಕೆ ಬರುತ್ತದೆ. ಆ ಕಂಪನಿ 100 ಕೋಟಿ ಡಾಲರಿಗೆ ಮಾರಾಟ ಆದರೆ ನಮಗೆ ಬರುವುದು ಎಷ್ಟು?"

"10 ಕೋಟಿ."

"ಅಂದರೆ ಫಂಡಿನ ಅಸಲು ಮಾತ್ರ. ಅದೂ ಅಷ್ಟು ದೊಡ್ಡ ಕಂಪನಿ ಆದರೆ."

ಬಿಲ್ಲನ್ನು ನಾನು ಸ್ವಲ್ಪ ಹೊತ್ತು ನೋಡಿದೆ. ಬ್ಯಾಂಕು ನೂರು ಜನರಿಗೆ ಸಾಲ ಕೊಟ್ಟರೆ ತೊಂಬತ್ತೇಳು ಮಂದಿ ಕಟ್ಟಬೇಕು. ಮೂವರು ಕಟ್ಟದಿದ್ದರೆ ಪ್ರಾದೇಶಿಕ ಕಚೇರಿಯಿಂದ ವಿವರಣೆ ಕೇಳಿ ಮೆಮೊ ಬರುತ್ತದೆ. ಯಾಕೆಂದರೆ ಒಳ್ಳೆಯ ಸಾಲಗಾರ ಎಷ್ಟೇ ಉದ್ಧಾರವಾದರೂ ನಮಗೆ ಸಿಗುವುದು ಗೊತ್ತುಮಾಡಿದ ಬಡ್ಡಿ, ಅದಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ. ಕೆಟ್ಟವನು ಮಾತ್ರ ಅಸಲನ್ನೇ ನುಂಗುತ್ತಾನೆ. ಇವರದ್ದು ತಿರುಗುಮುರುಗು. ಹೋದರೆ ಹಾಕಿದಷ್ಟೇ ಹೋಗುತ್ತದೆ, ಬಂದರೆ ನೂರು ಪಟ್ಟು ಬರಬಹುದು. ಕೋರಿಲೇಷನ್ ವೆಂಚರ್ಸ್ ಎಂಬ ಸಂಸ್ಥೆ 2004ರಿಂದ 2013ರ ತನಕ ಅಮೆರಿಕದಲ್ಲಿ ನಡೆದ 21,000ಕ್ಕೂ ಹೆಚ್ಚು ಇಂಥ ಹೂಡಿಕೆಗಳನ್ನು ಲೆಕ್ಕ ಹಾಕಿತ್ತು. ನೂರರಲ್ಲಿ ಸುಮಾರು 65 ಹಾಕಿದ ಅಸಲನ್ನೂ ತರಲಿಲ್ಲ. ಹತ್ತು ಪಟ್ಟು ಅಥವಾ ಹೆಚ್ಚು ತಂದವು ಸುಮಾರು 4. ನಮ್ಮಲ್ಲಿ ನೂರಕ್ಕೆ 65 ಸಾಲ ಮುಳುಗಿದರೆ ಶಾಖೆಗೆ ಬೀಗ ಹಾಕಿ ಮ್ಯಾನೇಜರನ್ನು ಮನೆಗೆ ಕಳಿಸುತ್ತಾರೆ. ಇಲ್ಲಿ ಅದು ಮಾಮೂಲು ವ್ಯಾಪಾರ.

ಹಾಗಾಗಿ ಇವರಿಗಿರುವ ಭಯವೂ ಬೇರೆ. ಮುಳುಗುವ ಕಂಪನಿಗೆ ಹಣ ಹಾಕಿದ್ದನ್ನು ಇಲ್ಲಿ ಯಾರೂ ಬಹಳ ದಿನ ನೆನಪಿಡುವುದಿಲ್ಲ. ನಿದ್ದೆಗೆಡಿಸುವುದು ಬೇಡವೆಂದು ಕಳಿಸಿದ ಕಂಪನಿ ಬೆಳೆದುಬಿಡುವುದು. ಬೆಸೆಮರ್ ವೆಂಚರ್ ಪಾರ್ಟ್ನರ್ಸ್ ಎಂಬ ಹಳೆಯ ಸಂಸ್ಥೆ ತಾನು ಬಿಟ್ಟುಕೊಟ್ಟ ಕಂಪನಿಗಳ ಪಟ್ಟಿಯನ್ನು ತಾನೇ ಪ್ರಕಟಿಸಿಕೊಂಡಿದೆ. ಅದರಲ್ಲಿ ಆ್ಯಪಲ್ ಇದೆ, ಇಬೇ ಇದೆ, ಏಳು ಸಲ ಬೇಡವೆಂದ ಫೆಡೆಕ್ಸ್ ಇದೆ. ಗೂಗಲ್ ಕಥೆ ಇನ್ನೂ ಸ್ವಾರಸ್ಯ. ಮೆನ್ಲೊ ಪಾರ್ಕಿನ ಸೂಸನ್ ವೊಜಿಸ್ಕಿ ಅವರ ಮನೆಯ ಗರಾಜಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಬಾಡಿಗೆಗಿದ್ದರು. ತನ್ನ ಗೆಳೆಯನಾದ ಬೆಸೆಮರ್‌ನ ಪಾರ್ಟ್ನರಿಗೆ ಆಕೆ ಅವರನ್ನು ಪರಿಚಯಿಸಲು ಹೋದಾಗ ಆ ಪಾರ್ಟ್ನರ್, ಗರಾಜಿನ ಹತ್ತಿರ ಸುಳಿಯದೆ ಮನೆಯಿಂದ ಹೊರಹೋಗುವ ದಾರಿ ಯಾವುದೆಂದು ಕೇಳಿದರಂತೆ. ಸೋತದ್ದನ್ನು ಹೀಗೆ ನಗುನಗುತ್ತಾ ಹೇಳಿಕೊಳ್ಳಲು ಬೇರೆ ಕಡೆ ಸಾಕಷ್ಟು ಗೆದ್ದಿರಬೇಕು, ಅದು ಬೇರೆ ಮಾತು.

ಇಷ್ಟು ತಿಳಿದ ಮೇಲೆ ನನಗೆ ಒಂದು ತೊಡಕು ಉಳಿಯಿತು. ಬಿಟ್ಟುಹೋಗುವ ಭಯ ಅಷ್ಟಿದ್ದರೆ ಇವರು ಕಂಡಕಂಡವರಿಗೆಲ್ಲ ಹೂಂ ಅನ್ನಬೇಕಿತ್ತು. ಅನ್ನುವುದಿಲ್ಲ. ಸ್ಟಾನ್‌ಫರ್ಡ್‌ನ ಇಲ್ಯಾ ಸ್ಟ್ರೆಬುಲೇವ್ ಮತ್ತು ಅವರ ಜೊತೆಗಾರರು 885 ಮಂದಿ ಹೂಡಿಕೆದಾರರನ್ನು ಕೇಳಿ ಒಂದು ಅಧ್ಯಯನ ಮಾಡಿದ್ದಾರೆ. ಹಣ ಹಾಕುವ ಒಂದು ಕಂಪನಿಗೆ ಸುಮಾರು ನೂರು ಕಂಪನಿಗಳು ಪರಿಶೀಲನೆಗೆ ಬಂದಿರುತ್ತವೆ. ಎಲ್ಲಕ್ಕಿಂತ ಮುಖ್ಯ ಯಾವುದೆಂದು ಕೇಳಿದರೆ ಅತಿ ಹೆಚ್ಚು ಮಂದಿಯಿಂದ ಬಂದ ಉತ್ತರ ಕಂಪನಿ ಕಟ್ಟುವ ತಂಡ. ಮೊದಲ ಹಂತದ ಹೂಡಿಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಾಗೆಂದರು. ಆರ್ಥರ್ ರಾಕ್ ಗೆದ್ದಂತಾಯಿತು. ಮೊದಲ ಹಂತದವರಲ್ಲಿ ನೂರಕ್ಕೆ 31 ಮಂದಿ ಕಂಪನಿಯ ಮುಂದಿನ ನಗದು ಹರಿವನ್ನು ಅಂದಾಜು ಮಾಡುವುದೇ ಇಲ್ಲವಂತೆ. ಆ ಸಾಲನ್ನು ಓದಿದಾಗ ನಾನು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದೆ.

ಸೋಮವಾರ ಇಲ್ಲಿ ಪಾರ್ಟ್ನರುಗಳ ಮೀಟಿಂಗಿನ ದಿನ. ಅದಕ್ಕೆ ಹುಡುಗ ಭಾನುವಾರ ರಾತ್ರಿಯೇ ಟಿಪ್ಪಣಿ ಬರೆಯುತ್ತಾನೆ. ಹಣ ಕೇಳುವವರು ಅವನಿಗೆ ಕಳಿಸುವ ಡೆಕ್ ಎಂಬ ಸ್ಲೈಡುಗಳ ಕಟ್ಟುಗಳಲ್ಲಿ ಹೆಚ್ಚಿನವು ಹತ್ತು ಹನ್ನೆರಡು ಸ್ಲೈಡಿನವು. ಅವನು ಒಂದನ್ನು ತಿರುವಿಹಾಕುವ ವೇಗ ನೋಡಿದರೆ ಕೌಂಟರಿನಲ್ಲಿ ನೋಟು ಎಣಿಸುವ ನಮ್ಮ ಕ್ಯಾಶಿಯರ್ ನೆನಪಾಗುತ್ತಿದ್ದ. ಯಾರಿಂದ ಬಂತು ಎಂಬುದನ್ನು ಮೊದಲು ನೋಡುತ್ತಾನೆ. ಅವರ ಫಂಡಿನಿಂದ ಹಣ ಪಡೆದ ಕಂಪನಿಯವರು ಕಳಿಸಿದ್ದೋ, ಮತ್ತೊಬ್ಬ ಹೂಡಿಕೆದಾರ ಕಳಿಸಿದ್ದೋ, ಹಳೆಯ ಸಹೋದ್ಯೋಗಿಯೋ. ಪರಿಚಯವಿಲ್ಲದೆ ನೇರ ಬಂದದ್ದನ್ನು ಕೊನೆಗೆ ತೆರೆಯುತ್ತಾನೆ. ಅದೇ ಅಧ್ಯಯನದ ಪ್ರಕಾರ ಹಣ ಸಿಕ್ಕ ಕಂಪನಿಗಳಲ್ಲಿ ತಾವಾಗಿಯೇ ಬಂದು ಬಾಗಿಲು ತಟ್ಟಿದವು ನೂರಕ್ಕೆ 10ರಷ್ಟು ಮಾತ್ರ. ಜಾಮೀನು ಬೇಡ ಎನ್ನುವವರೂ ಒಂದು ಬಗೆಯ ಜಾಮೀನುದಾರನನ್ನು ಕೇಳಿಯೇ ಕೇಳುತ್ತಾರೆ ಎಂದಾಯಿತು. ಆಸ್ತಿಯ ಜಾಮೀನಲ್ಲ, ಪರಿಚಯದ್ದು.

ನಮ್ಮ ಕರಾವಳಿಯ ಬ್ಯಾಂಕುಗಳೂ ಹಾಗೆಯೇ ಹುಟ್ಟಿದವು ಎನ್ನಬೇಡಿ. 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯನ್ನು ಕಟ್ಟಿದಾಗ ಉದ್ದೇಶ ಕಷ್ಟದಲ್ಲಿದ್ದ ನೇಕಾರರಿಗೆ ಆಸರೆಯಾಗುವುದಾಗಿತ್ತು. ಮೂರು ವರ್ಷದಲ್ಲಿ ಪಿಗ್ಮಿ ಠೇವಣಿ ಬಂತು. ಬ್ಯಾಂಕಿನ ಏಜೆಂಟ್ ತಾನೇ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಎತ್ತುತ್ತಿದ್ದ. ಒಂದು ವರ್ಷ ತಪ್ಪದೆ ಪಿಗ್ಮಿ ಕಟ್ಟಿದವನ ಪಾಸ್‌ಪುಸ್ತಕವೇ ಅವನ ಶಿಫಾರಸು ಪತ್ರ. ಪರಿಚಯವಿಲ್ಲದವನಿಗೂ ಪರಿಚಯವಾಗುವ ಒಂದು ದಾರಿ ಅಲ್ಲಿತ್ತು. ಇಲ್ಲಿ ಅಂಥ ದಾರಿಗೆ ಹತ್ತಿರದ್ದೇನಾದರೂ ಇದ್ದರೆ ಅದು 2005ರಲ್ಲಿ ಶುರುವಾದ ವೈ ಕಾಂಬಿನೇಟರ್ ಎಂಬ ಹೂಡಿಕೆ ಸಂಸ್ಥೆ. ಯಾರು ಬೇಕಾದರೂ ಅರ್ಜಿ ಹಾಕಬಹುದು. ಆಯ್ದವರಿಗೆ ಹತ್ತು ನಿಮಿಷದ ಸಂದರ್ಶನ, ಅಂದೇ ಉತ್ತರ.

ಏರ್‌ಬಿಎನ್‌ಬಿ ಹುಡುಗರು ಆ ಬಾಗಿಲಿನಿಂದ ಒಳಬಂದವರು. ಅದಕ್ಕೆ ಮೊದಲು, 2008ರಲ್ಲಿ, 15 ಲಕ್ಷ ಡಾಲರ್ ಬೆಲೆ ಕಟ್ಟಿ ಒಂದೂವರೆ ಲಕ್ಷ ಕೇಳಿದ್ದರು. ಏಳು ಮಂದಿಯಲ್ಲಿ ಐವರು ಬೇಡವೆಂದರು, ಇಬ್ಬರು ಉತ್ತರಿಸಲೇ ಇಲ್ಲ. ಗುರುತಿಲ್ಲದವರನ್ನು ಮನೆಯಲ್ಲಿ ಮಲಗಿಸುವ ವ್ಯಾಪಾರಕ್ಕೆ ಯಾರು ದುಡ್ಡು ಹಾಕುತ್ತಾರೆ? ಹುಡುಗರು ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಒಬಾಮಾ ಚಿತ್ರದ, ಮೆಕೇನ್ ಹೆಸರಿನ ಸೀರಿಯಲ್ ಪೊಟ್ಟಣಗಳನ್ನು ಡಬ್ಬಕ್ಕೆ 40 ಡಾಲರಿನಂತೆ ಮಾರಿ ಸಾಲ ತೀರಿಸಿಕೊಂಡರು. ಅವರನ್ನು ವೈ ಕಾಂಬಿನೇಟರ್ ತೆಗೆದುಕೊಂಡದ್ದು ಕಲ್ಪನೆ ಮೆಚ್ಚಿ ಅಲ್ಲ, ಈ ಪೊಟ್ಟಣ ನೋಡಿ, ಇವರು ಸುಲಭಕ್ಕೆ ಸಾಯುವವರಲ್ಲ ಎಂದು. ಬೇಡವೆಂದಿದ್ದ ನ್ಯೂಯಾರ್ಕಿನ ಹೂಡಿಕೆದಾರ ಫ್ರೆಡ್ ವಿಲ್ಸನ್ ಆಮೇಲೆ ಅಂಥದ್ದೊಂದು ಪೊಟ್ಟಣವನ್ನು ತಮ್ಮ ಮೀಟಿಂಗ್ ಕೋಣೆಯಲ್ಲೇ ಇಟ್ಟುಕೊಂಡರು.

ಇಷ್ಟೆಲ್ಲ ಗೆದ್ದವರ ಕಥೆ. ನನಗೆ ಈ ರಸ್ತೆ ಸರಿಯಾಗಿ ಕಂಡದ್ದು ಹುಡುಗನ ಮನೆಗೆ ಬಂದ ಒಬ್ಬಳಿಂದ. ಹಾಸನದ ಕಡೆಯವಳು, ಸ್ಯಾನ್ ಹೋಸೆಯಲ್ಲಿದ್ದಾಳೆ, ಒಳ್ಳೆಯ ಕೆಲಸ ಬಿಟ್ಟಿದ್ದಾಳೆ. ಅಂಗಡಿ, ಹೋಟೆಲುಗಳ ಕೋಲ್ಡ್ ರೂಮಿನಲ್ಲಿ ಇಡುವ ಒಂದು ಉಪಕರಣ ಮಾಡಿದ್ದಾಳೆ. ಸಾಬೂನು ಡಬ್ಬಿಯಷ್ಟು, ಬೆನ್ನಿಗೆ ಅಯಸ್ಕಾಂತ. ಒಳಗಿನ ತಂಪು ಇಳಿದರೆ ಮಾಲು ಕೆಡುವ ಮೊದಲೇ ಮಾಲೀಕನ ಫೋನಿಗೆ ತಿಳಿಸುತ್ತದೆ. ನಮ್ಮವರ ದಿನಸಿ ಅಂಗಡಿಗಳೇ ಮೊದಲ ಗಿರಾಕಿಗಳು. ತಿಂಗಳು ತಿಂಗಳು ಬಾಡಿಗೆ ಬರುತ್ತಿದೆ, ಒಮ್ಮೆ ಇಟ್ಟುಕೊಂಡವರು ತೆಗೆದಿಲ್ಲ. ಅವಳು ಒಂದನ್ನು ಹುಡುಗನ ಫ್ರಿಜ್ಜಿನೊಳಗೆ ಅಂಟಿಸಿದಳು. ನಾನು ಮಜ್ಜಿಗೆ ತೆಗೆಯಲು ಹೋಗಿ ಬಾಗಿಲು ಹಿಡಿದುಕೊಂಡೇ ಮಾತಾಡುತ್ತಿದ್ದೆ, ಮೇಜಿನ ಮೇಲಿದ್ದ ಅವಳ ಫೋನು ಕೂಗಿತು.

"ಇವಳಿಗೆ ನಾನು ನಾಳೆಯೇ ಸಾಲ ಕೊಡುತ್ತೇನೆ" ಎಂದೆ.

"ನೀವು ಕೊಡಬಹುದು ಚಿಕ್ಕಮ್ಮ. ನಾವು ಬೇಡ ಅಂತ ಹೇಳಿಯಾಯಿತು" ಎಂದ ಹುಡುಗ. ಅವಳ ಎದುರೇ ಹೇಳಿದ, ಅವಳಿಗೂ ಗೊತ್ತಿದ್ದ ವಿಷಯ. ಕಾರಣ ಆ ಬಿಲ್ಲಿನ ಹಿಂಬದಿಯ ಲೆಕ್ಕ. ಅವಳ ಕಂಪನಿ ಚೆನ್ನಾಗಿ ನಡೆದು ನಾಳೆ 2 ಕೋಟಿ ಡಾಲರ್ ಬಾಳಬಹುದು. ಅವಳ ಬದುಕು ಹಸನಾಗುತ್ತದೆ, ಹತ್ತಾರು ಮಂದಿಗೆ ಕೆಲಸ ಸಿಗುತ್ತದೆ. ಫಂಡಿಗೆ ಬರುವುದು 20 ಲಕ್ಷ. 10 ಕೋಟಿಯ ಫಂಡಿಗೆ ಅದು ಲೆಕ್ಕಕ್ಕೇ ಇಲ್ಲ. ಮುಳುಗಿದರೂ ಅಷ್ಟೇ, ತೇಲಿದರೂ ಅಷ್ಟೇ. ಇವರು ಒಳ್ಳೆಯ ವ್ಯಾಪಾರವನ್ನು ಹುಡುಕುತ್ತಿಲ್ಲ. ಭಯಂಕರ ದೊಡ್ಡದಾಗಬಹುದಾದದ್ದನ್ನು ಹುಡುಕುತ್ತಿದ್ದಾರೆ, ಅದು ಒಳ್ಳೆಯದೂ ಆಗಿದ್ದರೆ ಸಂತೋಷ. ಬೆಂಗಳೂರಿನ ಕೋರಮಂಗಲದ ಒಂದು ಫ್ಲ್ಯಾಟಿನಲ್ಲಿ 2007ರಲ್ಲಿ ಇಬ್ಬರು ಪುಸ್ತಕ ಮಾರಲು ಕೂತಾಗ ಅವರ ಹತ್ತಿರವೂ ನನಗೆ ತೋರಿಸುವಂಥದ್ದು ಏನಿರುತ್ತಿತ್ತು? ಆಕ್ಸೆಲ್ ಫಂಡು ಮೊದಲಿಗೇ ಹಣ ಹಾಕಿತು. 2018ರಲ್ಲಿ ವಾಲ್‌ಮಾರ್ಟ್ ಅವರ ಕಂಪನಿ ಫ್ಲಿಪ್‌ಕಾರ್ಟಿನ ನೂರಕ್ಕೆ 77 ಪಾಲಿಗೆ 1,600 ಕೋಟಿ ಡಾಲರ್ ಕೊಟ್ಟಿತು. ಅಂಥ ಒಂದು ಸಿಕ್ಕರೆ ಉಳಿದ ಎಲ್ಲ ಮುಳುಗಡೆಗೂ ಅದೇ ಸಮಾಧಾನ. ಲೆಕ್ಕ ತಪ್ಪಿಲ್ಲ. ಆದರೆ ಆ ಲೆಕ್ಕದಲ್ಲಿ ಹಾಸನದವಳಿಗೆ ಜಾಗವಿಲ್ಲ. ಇಡೀ ಊರು ಇದೊಂದೇ ಲೆಕ್ಕದಲ್ಲಿ ಜನರನ್ನು ತೂಗುತ್ತಾ ಕೂತರೆ ಸಾಧಾರಣ ಒಳ್ಳೆಯ ಕೆಲಸಕ್ಕೆ ಬೆಲೆ ಕಟ್ಟುವವರು ಯಾರು ಎಂದು ಹುಡುಗನನ್ನು ಕೇಳಿದೆ. "ಬ್ಯಾಂಕ್" ಎಂದ, ನಗಲಿಲ್ಲ.

ಬ್ಯಾಂಕು ಅವಳನ್ನು ಕೇಳಿದ್ದು ಮನೆಯ ಅಡವು. ಅವಳದ್ದು ಬಾಡಿಗೆ ಮನೆ.

ಅವಳು ಬಂದದ್ದು ಬೇರೊಂದು ಫಂಡಿನ ಭೇಟಿಗೆ ತಾಲೀಮು ಮಾಡಲಿಕ್ಕೆ. ಈಗ ಡೆಕ್ಕನ್ನು ತಿದ್ದಿದ್ದಾಳೆ. ಅಂಗಡಿಯ ಕೋಲ್ಡ್ ರೂಮು ಬರೀ ಶುರು, ಮುಂದೆ ಲಸಿಕೆ ಸಾಗಿಸುವ ಲಾರಿಗಳು, ಆಸ್ಪತ್ರೆಗಳು, ಇಡೀ ಜಗತ್ತಿನ ತಂಪು ಸರಪಳಿ. ಆರನೇ ಸ್ಲೈಡಿನಲ್ಲಿ ಸೊನ್ನೆಗಳು ಸಾಲುಗಟ್ಟಿದ್ದವು. ಹೂಡಿಕೆದಾರಳಂತೆ ನನ್ನನ್ನು ಕೂರಿಸಿ ಪ್ರಶ್ನೆ ಕೇಳಲು ಹೇಳಿದರು. ನಾನು ಬ್ಯಾಂಕಿನ ಪ್ರಶ್ನೆಗಳನ್ನೇ ಕೇಳಿದೆ. ಇರುವ ಗಿರಾಕಿಗಳು ಬಿಟ್ಟುಹೋದರೆ? ದೊಡ್ಡ ಕಂಪನಿ ಇದನ್ನೇ ಅಗ್ಗಕ್ಕೆ ತಂದರೆ? ಹಣ ಖಾಲಿಯಾದರೆ ಎಷ್ಟು ತಿಂಗಳು ತಡೆಯುತ್ತೀ?

ಅವಳು ಹುಡುಗನ ಕಡೆ ನೋಡಿ ನಕ್ಕಳು. "ನೋಡಿ, ಆಂಟಿಯೂ ಅದನ್ನೇ ಕೇಳಿದರು."

ಅದರ ಹಿಂದೆ ಒಂದು ಅಧ್ಯಯನ ಇದೆ. 2018ರಲ್ಲಿ ಪ್ರಕಟವಾದದ್ದು, ಡಾನಾ ಕಾಂಝೆ ಮತ್ತು ಸಂಗಡಿಗರದ್ದು. ನ್ಯೂಯಾರ್ಕಿನ ಒಂದು ಸ್ಟಾರ್ಟಪ್ ಸ್ಪರ್ಧೆಯ ಪ್ರಶ್ನೋತ್ತರಗಳನ್ನು ಅಕ್ಷರಶಃ ಬರೆದುಕೊಂಡು ನೋಡಿದರು. ಗಂಡಸರಿಗೆ ಹೂಡಿಕೆದಾರರು ಹೆಚ್ಚಾಗಿ ಕೇಳಿದ್ದು ಎಷ್ಟು ಬೆಳೆಯಬಹುದು, ಎಷ್ಟು ಗಿರಾಕಿಗಳನ್ನು ಹಿಡಿಯುತ್ತೀರಿ ಎಂದು. ಹೆಂಗಸರಿಗೆ ಹೆಚ್ಚಾಗಿ ಕೇಳಿದ್ದು ಇದ್ದದ್ದನ್ನು ಹೇಗೆ ಉಳಿಸಿಕೊಳ್ಳುತ್ತೀರಿ ಎಂದು. ಎರಡನೆಯ ಬಗೆಯ ಪ್ರಶ್ನೆ ಎದುರಿಸಿದವರಿಗೆ ಸಿಕ್ಕ ಹಣ ಬಹಳ ಕಡಿಮೆ. ಹೆಂಗಸರೇ ಹೂಡಿಕೆದಾರರಾಗಿದ್ದರೂ ಕೇಳುವ ಕ್ರಮ ಬೇರೆಯಾಗಿರಲಿಲ್ಲ. ಬರೀ ಹೆಂಗಸರೇ ಕಟ್ಟಿದ ಕಂಪನಿಗಳಿಗೆ ಅಮೆರಿಕದ ವೆಂಚರ್ ಹಣದಲ್ಲಿ ನೂರಕ್ಕೆ ಸುಮಾರು 2 ಡಾಲರ್ ಸಿಗುತ್ತದೆ. ಆ ಅಧ್ಯಯನದಲ್ಲೇ ಉಪಾಯವೂ ಇತ್ತು. ಉಳಿಸಿಕೊಳ್ಳುವ ಪ್ರಶ್ನೆಗೆ ಬೆಳೆಯುವ ಉತ್ತರ ಕೊಟ್ಟವರು ಹೆಚ್ಚು ಹಣ ಎತ್ತಿದ್ದರು.

"ಈಗ ಕೇಳಿ" ಎಂದಳು.

"ಗಿರಾಕಿಗಳು ಬಿಟ್ಟುಹೋದರೆ?"

"ಈ ಊರಿನಲ್ಲಿ ಕೋಲ್ಡ್ ರೂಮ್ ಇಲ್ಲದ ಒಂದು ಹೋಟೆಲ್ ತೋರಿಸಿ ಆಂಟಿ. ನಾನಿನ್ನೂ ಒಂದು ಬೀದಿಯನ್ನೂ ಮುಗಿಸಿಲ್ಲ."

ಉತ್ತರ ಚೆನ್ನಾಗಿತ್ತು. ನನ್ನ ಪ್ರಶ್ನೆಗೆ ಅದು ಉತ್ತರವಲ್ಲ, ಅದೂ ನಿಜ. ಬ್ಯಾಂಕಿನಲ್ಲಾಗಿದ್ದರೆ ಹಾಗೆಂದು ಫೈಲಿನಲ್ಲಿ ಬರೆಯುತ್ತಿದ್ದೆ. ಇಲ್ಲಿ ಆ ಮಾತಿಗೆ ಅವಳಿಗೆ ಎರಡನೇ ಭೇಟಿ ಸಿಕ್ಕಿತು, ನಂತರ ಪಾರ್ಟ್ನರುಗಳ ಸೋಮವಾರದ ಮೀಟಿಂಗೂ ಸಿಕ್ಕಿತು.

ನಾನು ಹೊರಡುವ ವಾರ ಅವಳು ಮತ್ತೆ ಬಂದಿದ್ದಳು. ಆ ಫಂಡಿನಿಂದ ಮೇಲ್ ಬಂದಿತ್ತು. ಕೆಲಸ ಬಹಳ ಮೆಚ್ಚಿಗೆಯಾಗಿದೆ, ಇನ್ನೂ ಸ್ವಲ್ಪ ಬೆಳವಣಿಗೆ ಕಾಣಿಸಲಿ, ಸಂಪರ್ಕದಲ್ಲಿರೋಣ. ಹೂಂ ಇಲ್ಲ, ಉಹೂಂ ಕೂಡ ಇಲ್ಲ. ಸಣ್ಣ ಸಾಲದ ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು ಎಂದು ನಮ್ಮ ರಿಸರ್ವ್ ಬ್ಯಾಂಕು ಬಹಳ ಹಿಂದೆಯೇ ಹೇಳಿದೆ. ಅದನ್ನು ಬರೆಯಲು ನಾನು ಎಷ್ಟು ಬೇಜಾರು ಪಟ್ಟುಕೊಳ್ಳುತ್ತಿದ್ದೆ ಎಂಬುದು ನನಗೆ ಗೊತ್ತು. ಈ ಫಂಡುಗಳಿಗೆ ಆ ಕಟ್ಟುಪಾಡಿಲ್ಲ. "ಬೇಡ ಅಂದರೆ ಬಾಗಿಲು ಮುಚ್ಚಿದ ಹಾಗೆ. ನಾಳೆ ಅವಳು ಬೆಳೆದರೆ ಒಳಗೆ ಹೋಗುವುದು ಹೇಗೆ?" ಎಂದ ಹುಡುಗ. ತಮ್ಮ ಫಂಡು ಅವಳಿಗೆ ಬೇಡ ಎಂದು ಬಾಯಿಬಿಟ್ಟು ಹೇಳಿದ್ದೇ ಒಂದು ಉಪಕಾರ ಎಂಬಂತಿತ್ತು ಅವನ ದನಿ.

ಅವಳು ಲ್ಯಾಪ್‌ಟಾಪ್ ತೆರೆದು ನನಗೆ ಒಂದು ಪಟ್ಟಿ ತೋರಿಸಿದಳು. ಭೇಟಿ ಮಾಡಿದ ಫಂಡುಗಳೆಲ್ಲ ಅದರಲ್ಲಿದ್ದವು. ಒಪ್ಪಿದವರಿಗೆ ಹಸಿರು, ಒಪ್ಪದವರಿಗೆ ಕೆಂಪು, ಎರಡೂ ಅಲ್ಲದವರಿಗೆ ಹಳದಿ. ಹಸಿರು ಒಂದೂ ಇರಲಿಲ್ಲ. ಕೆಂಪು ಎರಡು, ಅದರಲ್ಲೊಂದು ಹುಡುಗನ ಫಂಡು. ಉಳಿದದ್ದೆಲ್ಲ ಹಳದಿ. ಹೊಸ ಮೇಲ್‌ನ ಸಾಲಿಗೂ ಹಳದಿ ಬಳಿದು, ಫ್ರಿಮಾಂಟಿನ ಒಂದು ಅಂಗಡಿಯಲ್ಲಿ ಎರಡು ಡಬ್ಬಿ ಕೂರಿಸಲಿಕ್ಕಿದೆ, ಮಾಲೀಕರು ನಾಲ್ಕು ಗಂಟೆಗೆ ಸಿಗುತ್ತಾರೆ ಎಂದು ಎದ್ದಳು. ನಾನೂ ಕಾರು ಹತ್ತಿದೆ.